ಸ್ವಾಮಿಯ ಹೊಲಕ್ಕೆ ಮುಯ್ಯಾಳು

ಸ್ವಾಮಿ ಮಾಡಿದ ತಪ್ಪು ಒಂದೇ. ತನ್ನ ಹೊಲ ನೋಡಲು ಸೊಪ್ಪಿನ ಸಂಘದ ಸುಹಾನಾ ಮೇಡಂ ಬರುತ್ತಾರೆ ಎಂದು ಪಕ್ಕದ ಮನೆಯ ಚಿಕ್ಕಲಕ್ಷ್ಮಮ್ಮನ ಕಿವಿಗೆ ಹಾಕಿದ್ದು. ಬೆಳಗಾಗುವಷ್ಟರಲ್ಲಿ ಅದು ಇಡೀ ಉಯ್ಯಂಬಳ್ಳಿಯ ಮಾನದ ಪ್ರಶ್ನೆಯಾಗಿತ್ತು.

ಮೂರು ವರ್ಷದಿಂದ ಸ್ವಾಮಿ ಔಷಧಿ ಡಬ್ಬ ಮುಟ್ಟಿರಲಿಲ್ಲ. ನೆಲಕ್ಕೆ ಹುಲ್ಲು, ತರಗೆಲೆ ಹೊದಿಸಿ, ಅಣ್ಣೆಸೊಪ್ಪು, ಹೊನಗೊನೆ ಸೊಪ್ಪು ತಾವಾಗಿ ಬೆಳೆಯಲು ಬಿಟ್ಟಿದ್ದ. ಸಂಘಕ್ಕೆ ಬೇಕಿದ್ದುದು ಔಷಧಿ ಕಾಣದ ಸೊಪ್ಪು. ಮೇಡಂ ಒಪ್ಪಿದರೆ ಅದು ಅಂಗನವಾಡಿಯ ಸಾರಿನ ಪಾತ್ರೆಗೆ ಹೋಗುತ್ತಿತ್ತು. ಉಳ್ಳವರ ಮಗು, ಇಲ್ಲದವರ ಮಗು, ಎಲ್ಲಕ್ಕೂ ಒಂದೇ ಸಾರು. ಅವನ ಮಗಳಿಗೂ ಅದೇ. ನೆನೆದರೇ ಅವನಿಗೆ ಹೊಟ್ಟೆ ತುಂಬುತ್ತಿತ್ತು. ಊರಿನವರ ಕಣ್ಣಿಗೆ ಮಾತ್ರ ಆ ಹೊಲ ಬಾಚದ ತಲೆ.

ಮೇಡಂ ಅವರನ್ನು ಬೈಕಿನಲ್ಲಿ ಕನಕಪುರದಿಂದ ಕರೆತಂದ ಸ್ವಾಮಿ ಬದುವಿನ ಮೇಲೇ ನಿಂತುಬಿಟ್ಟ. ಹೊಲ ಬೋಳು! ಹನ್ನೆರಡು ಜನ ಬೆವರು ಒರೆಸಿಕೊಳ್ಳುತ್ತಿದ್ದರು.

"ಬಂದೋರ್ ಮುಂದೆ ಊರ್ ಮಾನ ಹೋಯ್ತದೆ ಅಂತ ಎಲ್ರೂ ಮುಯ್ಯಾಳು ಬಂದ್ಬುಟ್ವಿ ಕಣಪ್ಪಾ. ಒಂದ್ ಕಳೆ ಬುಟ್ಟಿಲ್ಲ!" ಎಂದಳು ಚಿಕ್ಕಲಕ್ಷ್ಮಮ್ಮ.

ಮುಯ್ಯಾಳೆಂದರೆ ಕೂಲಿಯಿಲ್ಲ. ಇವತ್ತು ಅವರು ಬಂದರೆ ನಾಳೆ ಇವನು ಅವರ ಹೊಲಕ್ಕೆ ಹೋಗಬೇಕು.

"ಹೊದಿಸಿದ್ ಹುಲ್ ಎಲ್ಲಿ ಅಕ್ಕಾ?" ಎಂದ ಸ್ವಾಮಿ.

"ಆ ಕಸಾನಾ? ಬೇಲಿ ಆಚ್ಗೆ ಹಾಕುದ್ವಿ."

ಮೇಡಂ ಹುಬ್ಬು ಗಂಟಿಕ್ಕಿದರು. "ಒಂದು ಎಳೆ ಹುಲ್ಲಿಲ್ಲ. ಕಳೆಗೆ ಔಷಧಿ ಹೊಡೆದಿದ್ದೀರಾ?"

ಸ್ವಾಮಿ ಬಾಯಿ ತೆರೆಯುವಷ್ಟರಲ್ಲಿ ಚಿಕ್ಕಲಕ್ಷ್ಮಮ್ಮ ಅವನ ಮಾನ ಉಳಿಸಲು ಮುಂದೆ ಬಂದಳು. "ಹೊಡೀದೆ ಇರ್ತಾನಾ ಮೇಡಮ್ಮೋರೇ? ಕೈಬಿಚ್ಚಿ ಹೊಡ್ದವ್ನೆ!"

ಮೇಡಂ ಆಚೆಯ ಹಸಿರು ಕಂಡು ಬೇಲಿ ದಾಟಿದರು. ಅದು ಮುಯ್ಯಾಳು ಬಂದವರಲ್ಲಿ ಒಬ್ಬನಾದ ಬೋರಲಿಂಗಯ್ಯನ ಹೊಲ. ಅವನ ಸೋಮಾರಿತನದಿಂದ ನಾಲ್ಕು ವರ್ಷ ನೇಗಿಲು ಕಂಡಿರಲಿಲ್ಲ. ಅಣ್ಣೆಸೊಪ್ಪು ಸೊಂಪಾಗಿ ಬೆಳೆದಿತ್ತು. ನಡುವೆ ಸ್ವಾಮಿಯ ಹುಲ್ಲಿನ ರಾಶಿ. ಮೇಡಂ ಒಂದು ಹಿಡಿ ಎತ್ತಿದರು. ಅದಕ್ಕೆ ಅಂಟಿದ ಮಣ್ಣಿನಲ್ಲಿ ದಪ್ಪ ದಪ್ಪ ಎರೆಹುಳ!

"ಅವು ನನ್ನ ಹುಳ ಮೇಡಂ!" ಸ್ವಾಮಿ ಕೂಗಿಕೊಂಡ. ಹನ್ನೆರಡು ಜನವೂ ಅವನಿಗೆ ಬಿಸಿಲು ತಲೆಗೇರಿತೇನೋ ಎಂಬಂತೆ ನೋಡಿದರು.

"ಈ ಹೊಲಕ್ಕೆ ನೀವೇನು ಮಾಡ್ತೀರಿ?" ಮೇಡಂ ಬೋರಲಿಂಗಯ್ಯನನ್ನು ಕೇಳಿದರು.

"ಏನೂ ಮಾಡಾಕಿಲ್ಲ ಮೇಡಂ," ಎಂದ ಅವನು, ಜೀವನದಲ್ಲಿ ಮೊದಲ ಸಲ ಪೂರ್ತಿ ಪ್ರಾಮಾಣಿಕವಾಗಿ.

"ನಮಗೆ ಬೇಕಾಗಿದ್ದೂ ಅದೇ!" ಮೇಡಂ ಬೋರಲಿಂಗಯ್ಯನ ಸೊಪ್ಪಿಗೆ ಒಪ್ಪಿ ಅಲ್ಲೇ ಸಹಿ ಹಾಕಿದರು. "ಸ್ವಾಮಿ, ಇವರ ಹತ್ತಿರ ಒಂದಿಷ್ಟು ಕಲೀರಿ."

ಅವರು ಹೋದಮೇಲೆ ಬೋರಲಿಂಗಯ್ಯ ಸ್ವಾಮಿಯ ಹೆಗಲ ಮೇಲೆ ಕೈಯಿಟ್ಟ.

"ಬ್ಯಾಸರ ಮಾಡ್ಕೋಬ್ಯಾಡ ಕಣ್ಲಾ. ನಿನ್ ಹುಲ್ ಹೊತ್ತಾಕಿದ್ದು ನಾನೇಯಾ. ಮುಯ್ಯಿ ತೀರುಸ್ಬೇಕಲ್ಲ? ಬೆಳಗ್ಗೇನೇ ಬಂದ್ಬುಡು, ಅಂಗನವಾಡಿಗೆ ಸೊಪ್ಪು ಕುಯ್ಯೋದೈತೆ."