ಮೊದಲ ನಂಬರಿನ ಬೀಸುಕಲ್ಲು

ನನ್ನ ಸೋದರಮಾವನಿಗೆ ಹೆದರಿಯೇ ಮಲಪ್ರಭಾ ಹೊಳೆ ಹಲವು ವರ್ಷ ರಾಮದುರ್ಗದೊಳಗೆ ಕಾಲಿಡಲಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ನಾನು ವರದಿಗಾರನಾದರೂ ಪತ್ರಿಕೆಯಲ್ಲಿ ಮಾತ್ರ ಹೀಗೆ ಬರೆಯಲಾಗಲಿಲ್ಲ. ಹೊಳೆಯ ಪ್ರತಿಕ್ರಿಯೆ ಸಿಗಲಿಲ್ಲ!

ನಿವೃತ್ತ ಮಾಸ್ತರರಾದ ಮಾವ ದಂಡೆಯ ಮೇಲಿನ ಎರಡಂತಸ್ತಿನ ಪುಟ್ಟ ವಸ್ತುಸಂಗ್ರಹಾಲಯವನ್ನು ಸಂಬಳವಿಲ್ಲದೆ ನೋಡಿಕೊಳ್ಳುತ್ತಾರೆ. ವೀರಗಲ್ಲು, ತಾಮ್ರದ ಹಂಡೆ, ತಾಡೋಲೆಯ ಕಟ್ಟುಗಳು, ಎಲ್ಲವೂ ಊರವರು ಕೊಟ್ಟಿದ್ದು. ನೋಡಲು ಬರುವವರಲ್ಲಿ ಪಾರಿವಾಳಗಳೇ ಹೆಚ್ಚು. ಆದರೂ ಮಾವನ ಕೊರಳಲ್ಲಿ ಸದಾ ಒಂದು ಸೀಟಿ. ನೆರೆ ಬಂದರೆ ಊದಲು!

ಬೈಲಹೊಂಗಲದ ಮದುವೆಯೊಂದರಲ್ಲಿ ಹೋಳಿಗೆ ಬಡಿಸುವಾಗ ಗುಡುಗಿತೆಂದು ಊದಿಯೇಬಿಟ್ಟರು. ಗುಡುಗಲ್ಲ, ವರನ ಕಡೆಯವರ ಪಟಾಕಿ. ಪಂಕ್ತಿ ಅರ್ಧಕ್ಕೇ ಎದ್ದಿತು. ಎರಡನೇ ಪಂಕ್ತಿಗೆ ಕಾಯುತ್ತಿದ್ದವರು ಮಾವನನ್ನು ಇಂದಿಗೂ ಹರಸುತ್ತಾರೆ.

ಹೊಳೆಯ ಡ್ಯಾಮಿನ ಹತ್ತಿರದ ಸವದತ್ತಿಯ ಬೀಗರಿಗೆ ಮಳೆಗಾಲವಿಡೀ ಮಾವನ ಫೋನು.

"ಡ್ಯಾಮಿನ ಗೇಟ್ ತಗದಾರೇನ್ರಿ?"

"ನಮ್ಮ ಬಚ್ಚಲದ ನಳಾನೂ ತಗದಿಲ್ಲರಿ. ಆರಾಮ ಇರ್ರಿ!"

ಪ್ರತಿ ಜೂನ್‌ನಲ್ಲಿ ನೆರೆಯ ತಾಲೀಮು. ಸಾಮಾನೆಲ್ಲ ರಜಿಸ್ಟರಿನ ನಂಬರಿನ ಪ್ರಕಾರವೇ ಮೇಲಂತಸ್ತಿಗೆ ಹೋಗಬೇಕು. ಮೊದಲ ನಂಬರ್ ಯಾವುದು? ಬೀಸುಕಲ್ಲು! ಹಮಾಲರು ಅದನ್ನು ಮೆಟ್ಟಿಲೇರಿಸುವಷ್ಟರಲ್ಲಿ ಹೊಳೆ ಬಂದು, ಎಲ್ಲ ನೋಡಿಕೊಂಡು, ಹಿಂದಿರುಗಬಹುದಿತ್ತು.

"ಮಾಮಾ, ಕಲ್ಲು ನೀರಾಗ ಕರಗತೈತೇನ್ರಿ?"

"ನಂಬರ್ ಅಂದ್ರ ನಂಬರ್. ನಿಮ್ಮ ಪೇಪರಿನ್ಯಾಗ ಆರನೇ ಪುಟ ಮದ್ಲ ಬರತೈತೇನು?"

"ಮತ್ತ ತಾಡೋಲಿ?"

"ಅವಕ್ಕ ಇನ್ನೂ ಪಾಳಿ ಬಂದಿಲ್ಲ."

ಇದನ್ನು ಇದ್ದ ಹಾಗೆಯೇ ವರದಿ ಮಾಡಿದೆ. ಊರೆಲ್ಲ ನಕ್ಕಿತು. ಮಾವ ಆ ವರದಿಯನ್ನು ಕತ್ತರಿಸಿಟ್ಟು, ಅದಕ್ಕೂ ಒಂದು ನಂಬರ್ ಕೊಟ್ಟರು!

ಮುಂದಿನ ಮಳೆಗಾಲ ಹೊಳೆ ನಿಜಕ್ಕೂ ಬಂತು. ಬೆಳಗ್ಗೆ ಸೀಟಿ ಕೇಳಿಸಿತು. ಮಾಸ್ತರರದು ಮತ್ತೆ ಶುರುವಾಯಿತೆಂದು ಯಾರೂ ಕದಲಲಿಲ್ಲ. ಚಹಾ ಮುಗಿಸಿಯೇ ಹೊರಟವರಲ್ಲಿ ನಾನೂ ಒಬ್ಬ. ಹೋಗಿ ನೋಡಿದರೆ ಒಳಗೆ ಸೊಂಟದವರೆಗೆ ನೀರು. ಮಾವ ಒಬ್ಬರೇ ತಾಡೋಲೆಯ ಕೊನೆಯ ಕಟ್ಟನ್ನು ತಲೆಯ ಮೇಲೆ ಹೊತ್ತು ಮೆಟ್ಟಿಲೇರುತ್ತಿದ್ದರು. ಬೀಸುಕಲ್ಲು ನೀರಿನ ತಳದಲ್ಲಿತ್ತು.

"ಮಾಮಾ, ಒಂದನೇ ನಂಬರ್?"

"ಇರಲಿ ಬಿಡು," ಎಂದರು, ಮುಖ ಆಚೆ ತಿರುಗಿಸಿ.

ನೀರು ಇಳಿದ ಮೇಲೆ ತಾಡೋಲೆ ಎಣಿಸಲು ಮೇಲಂತಸ್ತಿನಲ್ಲಿ ರಜಿಸ್ಟರ್ ತೆರೆದೆ. ಇಷ್ಟು ವರ್ಷ ನಕ್ಕು ಬರೆದ ವರದಿಗಾರ ಮೊದಲ ಪುಟ ಓದಿದ್ದು ಅಂದೇ! 'ಒಂದು. ಬೀಸುಕಲ್ಲು. ಕೊಟ್ಟವರು: ನಮ್ಮವ್ವ.'

ಮಾವನ ಅವ್ವ ಎಂದರೆ ನನ್ನ ಅಜ್ಜಿ.

ಕೆಳಗಿಳಿದೆ. ಮಾವ ಕೆಸರಿನಲ್ಲಿ ಕುಳಿತು ಧೋತರದ ತುದಿಯಿಂದ ಕಲ್ಲು ಒರೆಸುತ್ತಿದ್ದರು. ಹಿಡಿದು ಬೀಸುವ ಗೂಟ ಕೊಚ್ಚಿಹೋಗಿತ್ತು. ಅದಿದ್ದ ತೂತಿನೊಳಗಿನ ಮಣ್ಣನ್ನು ಬೆರಳಿನಿಂದ ತೆಗೆಯುತ್ತ, ತಲೆ ಎತ್ತದೆ ಹೇಳಿದರು:

"ನೀ ಅಂದಿದ್ದು ಖರೇ ತಮ್ಮಾ. ಕರಗಿಲ್ಲ ನೋಡು."