ಶಲ್ಯದ ಮೇಲೆ ಮಗಳ ಕಾಡಿಗೆ

ಹೆಣ್ಣು ಒಪ್ಪಿಸುವ ಶಾಸ್ತ್ರದಲ್ಲಿ ಗಂಡಸಾದವನು ಅಳಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯವಾಗಿತ್ತು. ನಾನು ಗೊರೂರಿನ ಅಣೆಕಟ್ಟೆಯಲ್ಲಿ ನೌಕರಿ ಮಾಡುವವನು. ಇಡೀ ಹೇಮಾವತಿಯನ್ನೇ ತಡೆದು ನಿಲ್ಲಿಸಿದ ಇಲಾಖೆಯವನಿಗೆ ಎರಡು ಹನಿ ಕಣ್ಣೀರು ಯಾವ ಲೆಕ್ಕ! "ಸುಮಾ ಅಳ್ತಾಳೆ, ಪಾಪ. ನನ್ನ ಬಿಟ್ಟು ಇದ್ದವಳಲ್ಲ. ನಾನು ಮಾತ್ರ ಕಲ್ಲಿನ ಹಾಗೆ ನಿಂತಿರ್ತೀನಿ, ನೋಡ್ತಿರು," ಎಂದು ಮಗಳ ಮದುವೆಗೆ ಮೊದಲೇ ಹೆಂಡತಿಗೆ ಹೇಳಿಟ್ಟಿದ್ದೆ.

ಮದುವೆ ಹಾಸನದ ಛತ್ರದಲ್ಲಿ. ನಮ್ಮ ಕಡೆಯ ಮದುವೆಗಳಿಗೆ ವಿಡಿಯೋ, ಬ್ಯೂಟಿಷಿಯನ್ನು ಎಲ್ಲ ಆಗಷ್ಟೇ ಕಾಲಿಟ್ಟಿದ್ದವು. ವಿಡಿಯೋದವನು ನನ್ನನ್ನು ನೋಡಿ, "ಲೈಟಿಗೆ ಮೊಕ ಕಪ್ಪುಗ್ ಬತ್ತದೆ ಸಾ, ನೀವೂ ಒಸಿ ಬಣ್ಣ ಅಚ್ಚಿಸ್ಕಳಿ," ಎಂದ. ಬೇಡ ಬೇಡ ಎನ್ನುತ್ತಲೇ ಕುರ್ಚಿಯಲ್ಲಿ ಕೂತೆ. ಸುಮಾಗೆ ಅಲಂಕಾರ ಮಾಡಿದ ಹುಡುಗಿಯೇ ನನ್ನ ಕೆನ್ನೆಗೂ ಗುಲಾಬಿ ಬಣ್ಣ ಬಳಿದು, ನರೆತ ಮೀಸೆಗೆ ಕಪ್ಪು ತೀಡಿದಳು. ಕನ್ನಡಿ ನೋಡಿಕೊಂಡೆ. ಪರವಾಗಿಲ್ಲ!

ಮಗಳು ಹೊರಡುವಾಗ ಏನೇನಾಯಿತೋ ಸರಿಯಾಗಿ ನೆನಪಿಲ್ಲ. ಕಣ್ಣ ಮುಂದೆ ಎಲ್ಲ ಮಂಜುಮಂಜು. ಮನೆಗೆ ಬಂದು ನೋಡಿದರೆ, ಬೀಗರು ಹೊದಿಸಿದ್ದ ಬಿಳಿ ರೇಷ್ಮೆ ಶಲ್ಯದ ಮೇಲೆ ಅಂಗೈಯಗಲ ಗುಲಾಬಿ ಕಲೆ, ಪಕ್ಕದಲ್ಲೊಂದು ಕಪ್ಪು ಗೆರೆ. ಮಗಳ ಕಾಡಿಗೆ! ನನ್ನ ಹೆಗಲಿಗೆ ಮುಖವಿಟ್ಟು ಅತ್ತಿದ್ದಾಳೆ ಕಂದ.

"ಭಾನುವಾರ ಚನ್ನರಾಯಪಟ್ಟಣದಲ್ಲಿ ಬೀಗರೂಟ. ಅವರು ಕೊಟ್ಟ ಶಲ್ಯ ಹೊದ್ದೇ ಹೋಗ್ಬೇಕು. ಡ್ರೈಕ್ಲೀನಿಂಗಿಗೆ ಹಾಕಿ," ಎಂದಳು ಹೆಂಡತಿ.

"ಮಗಳ ಕಣ್ಣೀರನ್ನ ಕಂಡೋರ ಕೈಲಿ ಒಗೆಸ್ಲಾ? ನಾನೇ ತೆಗೀತೀನಿ!"

ಸದರಿ ಕಲೆಯನ್ನು ಮೊದಲು ಸೋಪಿನಿಂದ ಉಜ್ಜಿದೆ. ಅಂಗೈಯಗಲ ಇದ್ದದ್ದು ಊಟದ ತಟ್ಟೆಯಗಲವಾಯಿತು. "ಸುಮಾ, ಒಂದು ನಿಂಬೆಹಣ್ಣು ತಾರೇ," ಎಂದು ಬಚ್ಚಲಿಂದಲೇ ಕೂಗಿದೆ. ಯಾರೂ ಬರಲಿಲ್ಲ. ಮನೆ ಬಿಕೋ ಎನ್ನುತ್ತಿತ್ತು. ಸೋಪಿನ ಕೈಯಲ್ಲೇ ಎದ್ದು ಅಡುಗೆಮನೆಯಿಂದ ನಾನೇ ತಂದುಕೊಂಡೆ.

ನಿಂಬೆಹಣ್ಣಿಗೂ ಕಲೆ ಜಗ್ಗಲಿಲ್ಲ. ಪಕ್ಕದ ಕ್ವಾರ್ಟರ್ಸಿನ ಪುಟ್ಟಕ್ಕ ಕಾಂಪೌಂಡಿನಾಚೆಯಿಂದ ಇಣುಕಿ, "ಅಂಗಲ್ಲ ಕಣಣ್ಣ, ಸೀಮೆಣ್ಣೆ ಆಕು! ನಮ್ಮನೆಯೋರ ಪ್ಯಾಂಟಿನ ಗ್ರೀಸೇ ಓಯ್ತದೆ, ಇದ್ಯಾವ ಮಹಾ!" ಎಂದಳು. ಹಾಕಿದೆ. ಬಣ್ಣ ಮಸುಕಾದದ್ದು ನಿಜ. ಆದರೆ ಶಲ್ಯ ಲಾಟೀನಿನ ಹಾಗೆ ನಾರತೊಡಗಿತು. ವಾಸನೆ ಹೋಗಲೆಂದು ನೀರಿಗದ್ದಿ ಹಿಂಡಿ, ಬೇಗ ಒಣಗಲೆಂದು ಇಸ್ತ್ರಿಪೆಟ್ಟಿಗೆ ಕಾಯಿಸಿ ಒತ್ತಿ ಹಿಡಿದೆ. ಹೊಗೆ ಎದ್ದಿತು. ಕಲೆ ಹೋಯಿತು. ಕಲೆ ಇದ್ದ ಜಾಗವೂ ಹೋಯಿತು! ತೂತಿನ ಅಂಚಿನಲ್ಲಿ ಆ ಕಪ್ಪು ಗೆರೆ ಮಾತ್ರ ಹಾಗೇ ಉಳಿದಿತ್ತು.

ಹೆಂಡತಿ ಬಂದು ತೂತು ಒಳಗಾಗುವಂತೆ ಶಲ್ಯವನ್ನು ಮಡಿಚಿಟ್ಟಳು. ಬೈದಿದ್ದರೆ ಚೆನ್ನಾಗಿತ್ತು.

ಬೀಗರೂಟದಲ್ಲಿ ತೂತನ್ನು ಕಂಕುಳಲ್ಲಿ ಅದುಮಿಕೊಂಡೇ ಮುದ್ದೆ ನುಂಗಿದೆ. ಎದ್ದು ಕೈಮುಗಿಯುವಾಗಲೂ ತೋಳು ಎತ್ತುವ ಹಾಗಿಲ್ಲ! "ತೋಳಿಗೇನಾಯ್ತು ಬೀಗ್ರೇ, ಇಡ್ಕಬುಟ್ಟದಾ?" ಎಂದು ಬೀಗರು ಪ್ರೀತಿಯಿಂದ ಎಳೆದರು. ತೂತು ಸಭೆಗೆ ದರ್ಶನ ಕೊಟ್ಟಿತು.

ಸುಮಾ ಓಡಿಬಂದಳು. "ಏನಪ್ಪಾ ಇದು?"

"ನೀನು ಹೊರಡೋವಾಗ ಅತ್ತಿದ್ದು ಕಣವ್ವಾ. ನೋಡು, ನಿನ್ನ ಕಾಡಿಗೆ. ತೆಗೆಯೋಕೆ ಹೋಗಿ ಹಿಂಗಾಯ್ತು," ಎಂದೆ.

"ನಾನೆಲ್ಲಪ್ಪಾ ಅತ್ತೆ?"

ಅಷ್ಟರಲ್ಲಿ ಅಳಿಯ ಮದುವೆಯ ಕ್ಯಾಸೆಟ್ ಹಾಕಿಬಿಟ್ಟ. ಟೀವಿಯಲ್ಲಿ ಸುಮಾ ಕ್ಯಾಮೆರಾ ನೋಡುತ್ತ ನಗುನಗುತ್ತ ನಿಂತಿದ್ದಾಳೆ. ಪಕ್ಕದಲ್ಲಿ ಕೆಂಪು ಕೆನ್ನೆಯ, ಕರಿ ಮೀಸೆಯ ಗಂಡಸೊಬ್ಬ ಹೋ ಎಂದು ಅಳುತ್ತ ಶಲ್ಯದಲ್ಲಿ ಮುಖ ಒರೆಸಿಕೊಳ್ಳುತ್ತಿದ್ದಾನೆ. ಒರೆಸಿದಷ್ಟೂ ಅವನ ಮೀಸೆ ಬೆಳ್ಳಗಾಗುತ್ತಿದೆ! ನೆರೆದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಮಾತ್ರ ಟೀವಿಯೊಳಗಿನ ಸುಮಾಳ ಮುಖವನ್ನೇ ನೋಡುತ್ತಿದ್ದೆ. ಒಂದು ಹನಿಯಾದರೂ ಬರಬಹುದೆಂದು ಕಾದೆ. ಬರಲಿಲ್ಲ.

"ಅತ್ರೆ ಮೇಕಪ್ ಕೆಡುತ್ತೆ ಅಂದಿದ್ರಪ್ಪಾ, ಅದಕ್ಕೇ ತಡ್ಕೊಂಡೆ," ಎಂದಳು ಸುಮಾ.

ಅಣೆಕಟ್ಟೆ ಎಂದರೆ ಅವಳು. ನಾನು ಬರೀ ಸಂಬಳ ತೆಗೆದುಕೊಂಡವನು!

ವಾಪಸು ಬರುವಾಗ ಬಸ್ಸಿನ ಕಿಟಕಿಗೆ ಮುಖ ತಿರುಗಿಸಿ ಕೂತಿದ್ದೆ. ಹೆಂಡತಿ ಮೆಲ್ಲಗೆ ಮೊಣಕೈ ತಾಗಿಸಿದಳು.

"ಒರೆಸ್ಕೊಳ್ಳಿ. ಇವತ್ತು ಬಣ್ಣ ಹಚ್ಚಿಲ್ಲ, ಕಲೆಯಾಗಲ್ಲ."

ಶಲ್ಯವನ್ನು ಕಣ್ಣಿಗೊತ್ತಿಕೊಂಡೆ. ತೂತಿನಿಂದ ಮೂಗು ಆಚೆ ಬಂತು!