ಒಂದೇ ದಿನದಲ್ಲಿ ಹಳೆಯದಾದ ತಟ್ಟೆ

ಅನರ್ಥಕ್ಕೆಲ್ಲ ಮೂಲ ಒಂದು ಸೀನು.

ಸೀನು ಬಂದಾಗ ಶುಭ್ರಣ್ಣನ ಬಾಯಲ್ಲಿ ಒಂದು ಗುಟುಕು ಚಹಾ ಇತ್ತು, ಎದುರಿಗೆ ಹೆಂಡತಿ ಅಲಂಕರಿಸಿದ ಗೋಡೆ ಇತ್ತು. ಎರಡನ್ನೂ ಒಟ್ಟಿಗೆ ತಡೆದುಕೊಳ್ಳುವ ಶಕ್ತಿಯನ್ನು ದೇವರು ಮನುಷ್ಯನಿಗೆ ಕೊಟ್ಟಿಲ್ಲ. ಚಹಾ ಗೋಡೆಯ ಪಾಲಾಯಿತು.

ಆ ಗೋಡೆ ಅಂತಿಂಥದ್ದಲ್ಲ. ಕಿವಿ ಹೋದ ಬಟ್ಟಲು, ಮೂತಿ ಮುರಿದ ಕೆಟಲು, ಯಾವ ಕಾಲದ್ದೋ ಹೂದಾನಿ, ಸಾಲುಸಾಲಾಗಿ ಪಿಂಗಾಣಿ ತಟ್ಟೆಗಳು. ವೃದ್ಧಾಶ್ರಮದ ಗುಂಪು ಫೋಟೋ ಇದ್ದ ಹಾಗಿತ್ತು. ನಟ್ಟನಡುವೆ ಪಟ್ಟದ ರಾಣಿ: ನೀಲಿ ಹೂಬಳ್ಳಿಯ ದೊಡ್ಡ ತಟ್ಟೆ. ಹೆಂಡತಿಯ ಅಜ್ಜಿಯದು. ಹಳದಿಗಟ್ಟಿತ್ತು, ಮೈತುಂಬ ಜೇಡರ ಬಲೆಯಂಥ ಬಿರುಕು. ಹಳೆವಸ್ತು ಪ್ರೇಮಿಗಳ ಸಂಘದ ಅಧ್ಯಕ್ಷರು ಅದನ್ನು ನೋಡಲು ಆ ಸಂಜೆಯೇ ಬರುವವರಿದ್ದರು. ಅವರು ಮೆಚ್ಚಿದರೆ ಹೆಂಡತಿಗೆ ಸಂಘದಲ್ಲಿ ಜಾಗ. ಅದಕ್ಕಾಗಿ ಅವಳು ವರ್ಷಗಟ್ಟಲೆ ಕಾದಿದ್ದಳು.

ಬೆಳಿಗ್ಗೆ ಹೊರಗೆ ಹೊರಟಾಗ ಹೇಳಿಯೇ ಹೋಗಿದ್ದಳು: "ರೀ, ಗೋಡೇನ ನೋಡಬಹುದು, ಮುಟ್ಟೋ ಹಾಗಿಲ್ಲ. ಅಂಗಡಿ ಬುದ್ಧಿ ಅಂಗಡೀಲೇ ಇರಲಿ."

ಶುಭ್ರಣ್ಣ ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ಕಲೆ ತೆಗೆಯುವವನು. ಶಾಯಿ, ಎಣ್ಣೆ, ತುಕ್ಕು ಏನೇ ಇರಲಿ, ಅವನ ಕೈಗೆ ಬಂದ ಬಟ್ಟೆ ಪೂರ್ವಜನ್ಮದ ಪಾಪವನ್ನೂ ಕಳೆದುಕೊಂಡು ಹೊರಡುತ್ತಿತ್ತು. ಅದಕ್ಕೇ ಶುಭ್ರಣ್ಣ ಎಂದು ಹೆಸರಿಟ್ಟವರು ಕಟ್ಟಡದ ಜನ. ಅಪ್ಪ ಅಮ್ಮ ಇಟ್ಟದ್ದು ಏನೆಂದು ಅವನಿಗೇ ಆಗಾಗ ಮರೆತುಹೋಗುತ್ತಿತ್ತು.

ವಾರದ ರಜೆಯಾದರೂ ಕೈ ಸುಮ್ಮನಿರಬೇಕಲ್ಲ! ಜೇಬಿನಲ್ಲಿದ್ದ ಅಂಗಡಿಯ ಒರೆಸುಬಟ್ಟೆ ತೆಗೆದು ತಟ್ಟೆಯನ್ನು ಒಂದು ಸಲ ಒರೆಸಿದ. ಚಹಾ ಹೋಯಿತು. ಚಹಾದ ಜೊತೆ ಹಳದಿಯೂ ಇರಲಿಲ್ಲ. ಹತ್ತಿರ ಬಗ್ಗಿ ನೋಡಿದ. ಬಿರುಕೂ ಇಲ್ಲ! ತಟ್ಟೆ ಆಗಷ್ಟೇ ಹಾಲಿನಲ್ಲಿ ಮಿಂದು ಬಂದ ಹಾಗೆ ಹೊಳೆಯುತ್ತಿತ್ತು.

ಬಟ್ಟೆ ಮೂಸಿದ. ಅಂಗಡಿಯ ಔಷಧದ ವಾಸನೆ ಇನ್ನೂ ಇತ್ತು. ಬಿರುಕನ್ನೂ ತೆಗೆಯುವ ಔಷಧ! ಒಂದು ಗಳಿಗೆ ಎದೆ ಉಬ್ಬಿತು. ಮರುಗಳಿಗೆ ಹೆಂಡತಿಯ ಮುಖ ನೆನಪಾಗಿ, ಉಬ್ಬಿದ್ದೆಲ್ಲ ಇಳಿದು ಮೊಣಕಾಲಿಗೆ ಬಂತು.

ತೆರೆದ ಬಾಗಿಲಿನಿಂದ ಎದುರುಮನೆಯ ಡ್ರಾಯಿಂಗ್ ಮೇಷ್ಟ್ರು ಒಳಗೆ ಬಂದರು. ನಿವೃತ್ತರಾದ ಮೇಲೆ ಅವರು ಯಾರ ಬಾಗಿಲನ್ನೂ ತಟ್ಟಿದವರಲ್ಲ.

"ಏನಯ್ಯ, ಯಾರಾದ್ರೂ ಹೋಗಿಬಿಟ್ರಾ? ಹಾಗೆ ನಿಂತಿದ್ದೀಯ."

"ನಾನೇ ಹೋಗ್ತೀನಿ ಮೇಷ್ಟ್ರೇ, ಸಂಜೆಗೆ." ಶುಭ್ರಣ್ಣ ಎಲ್ಲವನ್ನೂ ಹೇಳಿದ.

ಮೇಷ್ಟ್ರ ಕಣ್ಣು ಮಿನುಗಿತು. "ಇಷ್ಟೇನಾ? ಜನ್ಮವೆಲ್ಲ ಕಲೆ ತೆಗೆದೆ. ಇವತ್ತು ಒಂದು ದಿನ ಹಾಕು. ನಾನಿದ್ದೀನಿ."

ಅಷ್ಟರಲ್ಲಿ ಮಾತಿನ ವಾಸನೆ ಹಿಡಿದು ಮೇಲಿನ ಮನೆಯ ಅಜ್ಜಿಯೂ ಇಳಿದು ಬಂದಳು. "ಹಳೇದು ಮಾಡೋದು ಹೇಗೆ ಅಂತ ಈ ಮೇಷ್ಟ್ರನ್ನ ಕೇಳ್ತೀಯೇನೋ? ನನ್ನನ್ನ ಕೇಳೋ. ಕಷ್ಟಪಟ್ಟು ಹಳೇದಾದವಳು ನಾನು! ಚಹಾ ಕುದಿಸು. ಗಟ್ಟಿಯಾಗಿ. ಸಕ್ಕರೆ ಹಾಕಬೇಡ, ಇರುವೆ ಬರುತ್ತೆ."

ಚಹಾ ಕುದಿಯಿತು. ತಟ್ಟೆ ಅದರಲ್ಲಿ ಎಮ್ಮೆಯ ಹಾಗೆ ಮಲಗಿತು. ಎತ್ತಿದರೆ ಚಹಾ ಜಾರಿ ಹೋಗಿ ತಟ್ಟೆ ಬೆಳ್ಳಗೇ ನಕ್ಕಿತು.

"ನುಣುಪು ಜಾಸ್ತಿ," ಎಂದರು ಮೇಷ್ಟ್ರು. "ಮೊದಲು ಬಿರುಕು ಬರಬೇಕು. ಕಾಯಿಸಿ ತಣ್ಣೀರಿಗೆ ಹಾಕು."

"ಒಡೆದುಹೋದ್ರೆ?"

"ಒಡೆದ್ರೆ ಇನ್ನೂ ಹಳೇದು!"

ಶುಭ್ರಣ್ಣ ಬಲ್ಲ ದೇವರನ್ನೆಲ್ಲ ನೆನೆದು ತಟ್ಟೆಯನ್ನು ಒಲೆಯ ಮೇಲಿಟ್ಟ, ಇಕ್ಕಳದಿಂದ ಎತ್ತಿ ನೀರಿಗೆ ಬಿಟ್ಟ. ಚುಂಯ್ ಎಂದಿತು, ಆಮೇಲೆ ಟಿಕ್, ಟಿಕ್, ಟಿಕ್. ಮೂವರೂ ಬಗ್ಗಿ ನೋಡಿದರು. ತಟ್ಟೆ ಒಡೆಯಲಿಲ್ಲ, ಅಜ್ಜಿಯ ಕೆನ್ನೆಯಂಥ ಸುಕ್ಕು ಮೈಯೆಲ್ಲ ಹರಡಿತು. ಈಗ ಚಹಾ ಬಿರುಕಿಗೆ ಇಳಿಯಿತು. ಅದರ ಮೇಲೆ ಮೇಷ್ಟ್ರು ಕಂದು ಬೂಟ್ ಪಾಲಿಶ್ ತಿಕ್ಕಿದರು. ಅಜ್ಜಿ ದೀಪದ ಹೊಗೆ ಹಿಡಿದಳು. ಕೊನೆಗೆ ಮೇಷ್ಟ್ರು ಸುತ್ತಿಗೆ ಎತ್ತಿದರು.

"ಅಯ್ಯೋ, ಅದು ಯಾಕೆ?"

"ಅಂಚು ಹಾರದ ತಟ್ಟೆ, ಹಲ್ಲು ಬೀಳದ ಮುದುಕ, ಇಬ್ಬರನ್ನೂ ಯಾರೂ ನಂಬಲ್ಲ." ಟಣ್! ಅಂಚಿನ ಚೂರೊಂದು ಹಾರಿ ಹೋಗಿ ಸೋಫಾದ ಅಡಿ ಸೇರಿತು.

ಸಂಜೆಗೆ ತಟ್ಟೆ ಮತ್ತೆ ಗೋಡೆ ಏರಿತು. ಎಷ್ಟು ಹಳೆಯದಾಗಿ ಕಂಡಿತೆಂದರೆ, ಅಜ್ಜಿ ತನಗರಿವಿಲ್ಲದೆ ಅದಕ್ಕೆ ಕೈಮುಗಿದಳು.

ಹೆಂಡತಿ ಬಂದಳು, ಹಿಂದೆಯೇ ಕುತ್ತಿಗೆಗೆ ಭೂತಗನ್ನಡಿ ತೂಗುಹಾಕಿಕೊಂಡ ಅಧ್ಯಕ್ಷರು, ಅವರನ್ನು ನೋಡುವ ನೆಪದಲ್ಲಿ ಮೇಷ್ಟ್ರ ಹೆಂಡತಿ. ಶುಭ್ರಣ್ಣ ಗೋಡೆಗೆ ಅಡ್ಡವಾಗಿ, ಪಿಂಗಾಣಿಯ ಗೊಂಬೆಯ ಹಾಗೆ ನಿಂತಿದ್ದ.

ಹೆಂಡತಿ ಚೀಲದಿಂದ ಬಟ್ಟೆ ಸುತ್ತಿದ ಏನನ್ನೋ ತೆಗೆದು ಮೇಜಿನ ಮೇಲಿಟ್ಟಳು. ಬಟ್ಟೆ ಬಿಚ್ಚಿದಳು. ನೀಲಿ ಹೂಬಳ್ಳಿ. ಹಳದಿ ಬಣ್ಣ. ಜೇಡರ ಬಲೆ.

ಶುಭ್ರಣ್ಣ ಮೇಜನ್ನು ನೋಡಿದ, ತಿರುಗಿ ಗೋಡೆಯನ್ನು ನೋಡಿದ. "ಇದು... ಇದು ಯಾವ್ದು?"

"ನಮ್ಮಜ್ಜಿ ತಟ್ಟೆ ಕಣ್ರೀ. ತೂಗುಹಾಕೋ ತಂತಿ ಸಡಿಲ ಆಗಿತ್ತು, ಹೊಸದು ಹಾಕಿಸೋಕೆ ಒಯ್ದಿದ್ದೆ. ಮೊಳೆ ಖಾಲಿ ಕಂಡ್ರೆ ನೀವು ಕಳ್ಳ ಬಂದ ಅಂತ ಕಟ್ಟಡವನ್ನೆಲ್ಲ ಕೂಗಿ ಸೇರಿಸ್ತೀರಿ. ಅದಕ್ಕೇ ಮೇಷ್ಟ್ರ ಮನೆ ಅಕ್ಕನ ಹೊಸ ಸೆಟ್ಟಿಂದ ಅಂಥದ್ದೇ ಒಂದು ಇಸ್ಕೊಂಡು ಹಾಕಿದ್ದೆ. ಸರೀರಿ ಸ್ವಲ್ಪ, ವಾಪಸ್ ಕೊಡ್ಬೇಕು."

ಶುಭ್ರಣ್ಣ ಸರಿದ. ಮೇಷ್ಟ್ರು ಸುತ್ತಿಗೆಯನ್ನು ಪಂಚೆಯೊಳಗೆ ಮರೆಮಾಡಿದರು. ಅವರ ಮನೆಯಲ್ಲಿ ಪಿಂಗಾಣಿಗೆ ಬೀಗ. ಅವರಿಗೆ ಉಣ್ಣಲು ಸಿಗುತ್ತಿದ್ದುದು ಸ್ಟೀಲ್ ತಟ್ಟೆ.

"ನಮ್ಮ ತಟ್ಟೆ!" ಮೇಷ್ಟ್ರ ಹೆಂಡತಿಯ ಕೂಗಿಗೆ ಹೂದಾನಿಗಳು ನಡುಗಿದವು.

ಆದರೆ ಅಧ್ಯಕ್ಷರು ಆಗಲೇ ಭೂತಗನ್ನಡಿ ಹಿಡಿದು ಗೋಡೆಗೆ ಅಂಟಿಕೊಂಡಿದ್ದರು. ಮೂಸಿದರು. ನಾಲಿಗೆಯ ತುದಿ ತಾಗಿಸಿದರು. ಕಣ್ಣು ಮುಚ್ಚಿದರು. "ಆಹಾ! ಚಹಾದ ಹಡಗಿನಲ್ಲಿ ಬಂದ ಮಾಲು. ಜೊತೆಗೆ ಚರ್ಮದ ವಾಸನೆ... ಯಾವನೋ ಕುದುರೆ ಸವಾರನ ಜೀನುಚೀಲದಲ್ಲಿ ಕಾಲ ಕಳೆದಿದೆ. ಈ ಅಂಚು ನೋಡಿ, ಯುದ್ಧದಲ್ಲಿ ಬಿದ್ದ ಪೆಟ್ಟು! ಅಮ್ಮಾ, ಇದು ರತ್ನ."

"ನಮ್ಮ ತಟ್ಟೆ," ಎಂದಳು ಮೇಷ್ಟ್ರ ಹೆಂಡತಿ. ಮಾತು ಅದೇ, ರಾಗ ಬೇರೆ. "ನಮ್ಮ ಮಾವನ ಕಾಲದ್ದು."

ಅಧ್ಯಕ್ಷರು ಮೇಜಿನ ತಟ್ಟೆಯತ್ತ ತಿರುಗಿ ಒಂದು ಸಲ ಕಣ್ಣಾಡಿಸಿದರು. "ಇದು ಪಾಪ, ನಕಲು. ಸವೆತ ತುಂಬ ಸಹಜವಾಗಿದೆ. ಇಷ್ಟು ಸಹಜವಾಗಿದ್ರೆ ಅನುಮಾನ ಪಡಬೇಕು."

"ನಮ್ಮಜ್ಜಿ ನಕಲಾ?" ಹೆಂಡತಿಯ ತುಟಿ ಅದುರಿತು.

ಅದನ್ನು ಕಂಡ ಶುಭ್ರಣ್ಣನಿಗೆ ಎಲ್ಲಿಲ್ಲದ ಧೈರ್ಯ ಬಂತು. "ಸ್ವಾಮಿ, ಅಜ್ಜೀದೇ ನಿಜ! ಆ ಇನ್ನೊಂದು ಇವತ್ತು ಮಾಡಿದ್ದು. ನಾನೇ ಮಾಡಿದ್ದು! ಚಹಾ, ಬೂಟ್ ಪಾಲಿಶ್, ಹೊಗೆ... ಮೇಷ್ಟ್ರೇ, ಹೇಳಿ ನೀವಾದ್ರೂ!"

ಮೇಷ್ಟ್ರು ಹೆಂಡತಿಯ ಮುಖ ನೋಡಿದರು. "ಪಾಪ, ಬಿಸಿಲಿಗೆ ತಲೆ ತಿರುಗಿರ್ಬೇಕು," ಎಂದರು.

ಅಧ್ಯಕ್ಷರು ಹೊಟ್ಟೆ ಕುಲುಕಿಸಿ ನಕ್ಕರು. "ಇಂಥದ್ದನ್ನ ಮಾಡೋಕೆ ಕಾಲಪುರುಷನಿಗೇ ಇನ್ನೂರು ವರ್ಷ ಬೇಕು. ನೀವು ಒಂದು ದಿನದಲ್ಲಿ ಮಾಡಿದ್ರಾ?" ಮೇಷ್ಟ್ರ ಹೆಂಡತಿಯನ್ನು ಸಂಘಕ್ಕೆ ಆದರದಿಂದ ಆಹ್ವಾನಿಸಿ ಹೊರಟುಹೋದರು. ಅವಳು ತಟ್ಟೆಯನ್ನು ಹಸುಗೂಸಿನ ಹಾಗೆ ಎತ್ತಿಕೊಂಡು ಹಿಂಬಾಲಿಸಿದಳು.

ಹೆಂಡತಿ ಸೋಫಾದ ಅಡಿಯಿಂದ ಬಿಳಿಯ ಚೂರನ್ನು ಹೆಕ್ಕಿ, ತಿರುಗಿಸಿ ನೋಡಿ, ಗಂಡನನ್ನು ನೋಡಿದಳು.

ಹೊಸ್ತಿಲಲ್ಲೇ ಉಳಿದಿದ್ದ ಮೇಷ್ಟ್ರು ಶುಭ್ರಣ್ಣನ ಕಿವಿಗೆ ಬಾಯಿಟ್ಟರು. "ನಾಳೆ ರಜ ಹಾಕಯ್ಯ. ಸೆಟ್ಟಲ್ಲಿ ಇನ್ನೂ ಐದಿವೆಯಂತೆ."

"ಐದಲ್ಲ ಮೇಷ್ಟ್ರೇ, ಆರು," ಎಂದು ಹೆಂಡತಿ ಚಹಾದ ಪಾತ್ರೆಯನ್ನು ಒಲೆಯ ಮೇಲೆ ಕುಕ್ಕಿದಳು. "ಮೊದಲು ನಮ್ಮಜ್ಜೀದು."